ತಾಗಿದ್ದೆಲ್ಲಿ?

ಮೇ ತಿಂಗಳ ಕೊನೆಯ ವಾರ. ಮಾವಳ್ಳಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಗ್ಯಾರೇಜು. ತಗಡಿನ ಮಾಡು, ಎರಡು ತೆಂಗಿನ ಮರ, ನಡುವೆ ಚಿರೆಕಲ್ಲು ಕಟ್ಟಿದ ಗುಂಡಿ. ಗ್ಯಾರೇಜಿನ ಯಜಮಾನರಿಗೆ ಊರಿನ ರೂಢಿಯಂತೆ ನಾನು ಅಣ್ಣ ಅನ್ನುತ್ತೇನೆ, ಅವರಿಗೆ ನಾನು ತಮ. ಗಾಡಿ ಸೆಕೆಂಡ್ ಹ್ಯಾಂಡ್ ಡಸ್ಟರ್, 2015ರದ್ದು, ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಇರುವಂಥದ್ದು.

ಅಣ್ಣ: ಎಂತ ತಮಾ, ಮಳೆ ಹಿಡಿಯುವ ಮೊದಲೇ ಸರ್ವೀಸಾ?

ನಾನು: ಸರ್ವೀಸ್ ಅಲ್ಲ ಅಣ್ಣ. ಗಾಡಿ ಲಿಫ್ಟ್ ಮಾಡಿಸಬೇಕು. ಎರಡು ಇಂಚು.

ಅಣ್ಣ: ಲಿಫ್ಟ್ ಬೇಕಾದರೆ ಮುರುಡೇಶ್ವರಕ್ಕೆ ಹೋಗು. ಗೋಪುರದಲ್ಲಿ ಉಂಟು. ಟಿಕೆಟ್ ತೆಗೆದರೆ ಮೇಲೆ ತನಕ ಬಿಡ್ತಾರೆ, ಸಮುದ್ರವೂ ಕಾಣ್ತದೆ.

ನಾನು: ತಮಾಷೆ ಸಾಕು ಮಾರಾಯ್ರೆ. ಹಾಡುವಳ್ಳಿ ಆಚೆ ಮಾವನ ಅಡಿಕೆ ತೋಟ. ಡಾಂಬರು ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣು, ಕಲ್ಲು. ನಡುವೆ ಒಂದು ಹಳ್ಳ. ಜನಕ್ಕೆ ಸಂಕ ಉಂಟು, ಗಾಡಿ ನೀರಲ್ಲೇ ಇಳಿಯಬೇಕು. ದಾಟಿ ಆಚೆ ದಂಡೆ ಹತ್ತುವಾಗ ಅಡಿಗೆ ತಾಗ್ತದೆ.

ಅಣ್ಣ: ತಾಗಿದ್ದೆಲ್ಲಿ?

ನಾನು: ಅಡಿಗೆ.

ಅಣ್ಣ: ಈ ಗಾಡಿಯ ಅಡಿ ಅಂದರೆ ನಾಲ್ಕು ಮೀಟರ್ ಮೇಲೆ ಉದ್ದ ಉಂಟು. ಹೊಟ್ಟೆನೋವು ಅಂತ ಹೋದರೆ ಡಾಕ್ಟರೂ ಬೆರಳು ಒತ್ತಿ ಕೇಳ್ತಾನೆ, ಇಲ್ಲಿಯಾ ಇಲ್ಲಿಯಾ ಅಂತ. ಎಲ್ಲಿ?

ನಾನು: ಅದು ಗೊತ್ತಿಲ್ಲ. ಶಬ್ದ ಕೇಳ್ತದೆ ಅಷ್ಟೆ. ಆದರೆ ಎತ್ತರ ಮಾಡಿದರೆ ಎಲ್ಲೂ ತಾಗುವುದಿಲ್ಲವಲ್ಲ. ಹಳೇ ಜೀಪಿನವರೆಲ್ಲ ಮಾಡಿಸಿಕೊಂಡಿದ್ದಾರೆ.

ಅಣ್ಣ: ಜೀಪಿನ ಮಾತು ಬೇರೆ. ಘಾಟಿ ಕೆಳಗಿನ ಊರುಗಳಿಗೆ ಜನ ಹೇರಿಕೊಂಡು ಓಡುತ್ತಿದ್ದ ಜೀಪು ನೋಡಿದ್ದೀಯಲ್ಲ? ಮುಂದೆ ಒಂದು ಹೌಸಿಂಗು, ಹಿಂದೆ ಒಂದು. ಎತ್ತಿನ ಗಾಡಿಯ ಅಚ್ಚಿನ ಹಾಗೆ, ಈ ಗಾಲಿಯಿಂದ ಆ ಗಾಲಿಗೆ ಒಂದೇ ಕಬ್ಬಿಣ. ಅದರ ಮೇಲೆ ಪ್ಲೇಟ್ ಸ್ಪ್ರಿಂಗು, ಅದರ ಮೇಲೆ ಬಾಡಿ. ಒಂದು ಪ್ಲೇಟ್ ಹೆಚ್ಚು ಹಾಕು, ಶಾಕಲ್ ಉದ್ದ ಮಾಡು, ಬಾಡಿ ಏಳ್ತದೆ. ಗೇರಿರುವ ಆ ಗುಂಡಗಿನ ಹೊಟ್ಟೆ, ಅದೇ ಡಿಫರೆನ್ಶಿಯಲ್, ಮಾತ್ರ ನೆಲದಿಂದ ಇದ್ದಷ್ಟೇ. ಅದು ಏಳಬೇಕಾದರೆ ದೊಡ್ಡ ಟಯರೇ ಹಾಕಬೇಕು. ಜೀಪು ಎತ್ತಿಸಿದವರು ಬಹಳ ಜನ ಮಾಡಿದ್ದೂ ಅದಕ್ಕೇ, ದೊಡ್ಡ ಟಯರು ಮಡ್‌ಗಾರ್ಡಿಗೆ ತಾಗಬಾರದು ಅಂತ.

ನಾನು: ನನ್ನದರಲ್ಲಿ?

ಅಣ್ಣ: ನಿನ್ನದರಲ್ಲಿ ತಿರುಗಾಮುರುಗಾ. ನಾಲ್ಕು ಗಾಲಿ, ನಾಲ್ಕು ಸಂಸಾರ. ಮುಂದೆ ಸ್ಟ್ರಟ್ಟು. ಅದೇನು ಹೊಸದಲ್ಲ, ನಾನು ಕೈ ಕಲಿತ ಮಾರುತಿ 800ರ ಮುಂದಿನ ಗಾಲಿಗೂ ಅದೇ. ಹಿಂದೆ ಒಂದೊಂದು ಗಾಲಿಗೆ ಮೂರ್ನಾಲ್ಕು ಸಣ್ಣ ತೋಳು. ಡಿಫರೆನ್ಶಿಯಲ್ ಇರುವುದು ಗಾಲಿಯ ಜೊತೆಗಲ್ಲ, ಬಾಡಿಯ ಜೊತೆಗೆ. ಬಾಡಿ ಎತ್ತಿದರೆ ಅದೂ ಏಳ್ತದೆ.

ನಾನು: ಹಾಗಾದರೆ ನನಗೇ ಲಾಭ! ಜೀಪಿಗೆ ಸಿಗದ ಎತ್ತರ ನನಗೆ ಸಿಕ್ಕಿತು.

ಅಣ್ಣ: ಸಿಕ್ಕಿತು. ಈಗ ಇದನ್ನು ಹಿಡಿ.

(ಬೆಂಚಿನ ಅಡಿಯಿಂದ ಅಣ್ಣ ಎಳೆದದ್ದು ಒಂದು ಹಳೆಯ ಡ್ರೈವ್ ಶಾಫ್ಟು. ಮೊಳಕ್ಕಿಂತ ಉದ್ದದ ಸರಳು, ಎರಡು ತುದಿಗೂ ಕರಿ ರಬ್ಬರಿನ ಬೂಟು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆ. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದರು.)

ಅಣ್ಣ: ನಿನ್ನದು ಗಾಲಿ, ನನ್ನದು ಡಿಫರೆನ್ಶಿಯಲ್. ಗಾಲಿ ನೆಲದ ಮೇಲೆ, ಅದು ಎಲ್ಲೂ ಹೋಗುವುದಿಲ್ಲ. ನಾನು ಏಳ್ತೇನೆ, ನೋಡು. ಶಾಫ್ಟು ಓರೆ ಆಯಿತಾ? ನಿನ್ನ ಕೈಯಲ್ಲಿರುವ ಬೂಟು ನೋಡು. ಕೆಳಗಿನ ಮಡಿಕೆ ಹಿಗ್ಗಿದೆ, ಮೇಲಿನ ಮಡಿಕೆ ಒಂದಕ್ಕೊಂದು ಒತ್ತಿದೆ. ಈಗ ತಿರುಗಿಸು.

ನಾನು: ಉಜ್ಜುತ್ತದೆ.

ಅಣ್ಣ: ಒಂದು ಸುತ್ತಿಗೆ ಒಂದು ಸಲ ಉಜ್ಜುತ್ತದೆ. ಹೆದ್ದಾರಿಯಲ್ಲಿ ಕುಮಟೆ ತನಕ ಹೋಗಿ ಬಾ, ಎಷ್ಟು ಸುತ್ತು ಲೆಕ್ಕ ಹಾಕು. ಒಂದು ದಿನ ಮಡಿಕೆಯಲ್ಲಿ ಕೂದಲಿನಷ್ಟು ಸೀಳು ಬೀಳ್ತದೆ. ಗ್ರೀಸು ಹೊರಗೆ ಚಿಮ್ಮುತ್ತದೆ, ಗಾಲಿಯ ಒಳಬದಿ ಪೂರಾ ಕರಿ. ನಮ್ಮ ಕಡೆಯ ಕೆಂಪು ಮಣ್ಣು ಬಿಡ್ತದಾ? ಗ್ರೀಸಿಗೆ ಹತ್ತಿಕೊಂಡು ಒಳಗೆ ಹೋಗ್ತದೆ. ಒಳಗಿರುವುದು ಗುಂಡುಗಳು, ನಯವಾದ ಹಾದಿ. ಆ ಮಣ್ಣು ಅದಕ್ಕೆ ಪಾಲಿಶ್ ಪೇಪರು. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಕ್ ಟಕ್ ಟಕ್ ಅನ್ನುತ್ತದೆ. ಆ ಶಬ್ದ ಬಂದ ಮೇಲೆ ಬೂಟು ಹಾಕಿ ಪ್ರಯೋಜನ ಇಲ್ಲ, ಇಡೀ ಶಾಫ್ಟೇ ಹೋಯಿತು. ನಿನ್ನದರಲ್ಲಿ ಶಾಫ್ಟು ನಾಲ್ಕು, ಬೂಟು ಎಂಟು.

ನಾನು: ಎರಡು ಇಂಚಿಗೇ ಇಷ್ಟೆಲ್ಲ ಆಗ್ತದಾ?

ಅಣ್ಣ: ಒಂದಕ್ಕೆ ಬಹುಶಃ ತಡೆದೀತು. ಎರಡಕ್ಕೆ ನಾನು ಮಾತು ಕೊಡುವುದಿಲ್ಲ. ನಿಂತಾಗಿನ ಓರೆ ಒಂದು, ಗಾಲಿ ಹೊಂಡಕ್ಕೆ ಜೋತು ಬಿದ್ದಾಗಿನ ಓರೆ ಇನ್ನೊಂದು. ಶಾಫ್ಟು ತುಂಡಾಗುವುದು ಎರಡನೆಯದರಲ್ಲಿ. ಗಾಲಿ ಜೋತಿದೆ, ಸ್ಟೇರಿಂಗ್ ತಿರುಗಿದೆ, ನೀನು ಆಕ್ಸಿಲರೇಟರ್ ಒತ್ತಿದ್ದೀ.

ನಾನು: ಆದರೆ ಹೊಸ ಡಿಫೆಂಡರ್‌ಗೂ ನಾಲ್ಕು ಗಾಲಿ ಬೇರೆ ಬೇರೆಯೇ. ಗಾಳಿಯ ಸ್ಪ್ರಿಂಗ್ ಮೇಲೆ 291 ಮಿಲಿಮೀಟರ್ ತನಕ ಏಳ್ತದಂತೆ. ನನ್ನದು ಬರೀ 210.

ಅಣ್ಣ: ಏಳ್ತದೆ. ಕಷ್ಟದ ಜಾಗ ದಾಟಿ ವೇಗ ಹಿಡಿದರೆ ತಾನೇ ಕೆಳಗೆ ಕೂರ್ತದೆ. ಅದರ ಶಾಫ್ಟು, ತೋಳು, ಬ್ರೇಕ್ ಪೈಪು ಎಲ್ಲ ಆ ಎತ್ತರಕ್ಕೆ ಲೆಕ್ಕ ಹಾಕಿಯೇ ಮಾಡಿದ್ದು. ನಿನ್ನದಕ್ಕೆ ನಾನು ಎರಡು ಅಲ್ಯೂಮಿನಿಯಂ ಬಳೆ ಹಾಕಿದರೆ ಅದು ಹಗಲೂ ರಾತ್ರಿಯೂ ಎದ್ದೇ ಇರ್ತದೆ.

ನಾನು: ಆ ಬಳೆ ಎಲ್ಲಿ ಕೂರುವುದು?

ಅಣ್ಣ: ಸ್ಟ್ರಟ್ಟಿನ ತಲೆಗೂ ಬಾಡಿಗೂ ನಡುವೆ. ಸ್ಟ್ರಟ್ಟಿಗೆ ಅಷ್ಟೇ ಉದ್ದ ಕಾಲು ಬಂದ ಹಾಗೆ. ಸ್ಪ್ರಿಂಗು ಅದೇ, ಶಾಕಬ್ಸರ್ ಅದೇ, ಓಡಿಸುವಾಗ ವ್ಯತ್ಯಾಸ ಕಡಿಮೆ. ಅದಕ್ಕೇ ಜನ ಮೆಚ್ಚುತ್ತಾರೆ. ಆದರೆ ಗಾಲಿ ಜೋತು ಬಿದ್ದರೆ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಕೆಳಗೆ ಹೋಗ್ತದೆ. ಬಾಲ್ ಜಾಯಿಂಟು, ಬ್ರೇಕಿನ ಹೋಸು, ಎಬಿಎಸ್ ವಯರು, ಎಲ್ಲ ಎಳೆದು ನಿಲ್ತದೆ. ಹೊಸ ಥಾರು, ಸ್ಕಾರ್ಪಿಯೋದಲ್ಲಿ ಮುಂದೆ ಸ್ಪ್ರಿಂಗು ಕೂತಿರುವುದು ಕೆಳಗಿನ ತೋಳಿನ ನಡುವಲ್ಲಿ. ಅಲ್ಲಿ ಒಂದು ಇಂಚಿನ ಬಳೆ ಹಾಕಿದರೆ ಗಾಲಿಯಲ್ಲಿ ಹತ್ತಿರ ಹತ್ತಿರ ಎರಡು ಇಂಚು. ಅದು ಗೊತ್ತಿಲ್ಲದೆ ಎರಡು ಇಂಚಿನ ಬಳೆಯನ್ನೇ ಆರ್ಡರ್ ಮಾಡಿ ತಂದವರಿದ್ದಾರೆ.

ನಾನು: ಬಳೆ ಬೇಡ, ಉದ್ದದ ಸ್ಪ್ರಿಂಗೇ ಹಾಕಿಸಿದರೆ?

ಅಣ್ಣ: ಆಗ ಇನ್ನೊಂದು ತರ. ಶಾಕಬ್ಸರಿನ ಉದ್ದ ಹಳೆಯದೇ ಅಲ್ಲವಾ? ಗಾಲಿ ಮೇಲೆ ಕೆಳಗೆ ಓಡುವ ಒಟ್ಟು ದಾರಿ ಇದ್ದಷ್ಟೇ. ನೀನು ಗಾಡಿಯನ್ನು ಆ ದಾರಿಯ ತುದಿಗೆ ತಂದು ನಿಲ್ಲಿಸಿದ್ದೀ. ರಾತ್ರಿ ಹೊತ್ತು ಹಳ್ಳಕ್ಕೆ ಇಳಿಯುವಾಗ ಎಂತ ಮಾಡ್ತೀ? ಒಂದು ಮೊಣಕಾಲು ಬಗ್ಗಿಸಿ, ಇನ್ನೊಂದು ಕಾಲು ಚಾಚಿ ನೆಲ ಹುಡುಕುತ್ತೀ. ತುದಿಗಾಲಲ್ಲಿ ನಿಂತವನಿಗೆ ಚಾಚಲಿಕ್ಕೆ ಇನ್ನು ಕಾಲೆಲ್ಲಿ ಉಳಿದಿದೆ? ಹೊಂಡ ಬಂದರೆ ಗಾಲಿ ಗಾಳಿಯಲ್ಲಿ. ಗಾಳಿಯಲ್ಲಿದ್ದ ಗಾಲಿ ತಿರುಗ್ತದೆ, ಗಾಡಿ ಹೋಗುವುದಿಲ್ಲ.

(ಈ ಮಾತಿಗೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ವರ್ಷಗಟ್ಟಲೆ ನೋಡಿದ ವಿಡಿಯೋಗಳಲ್ಲಿ ಒಂದು ಗಾಲಿ ಆಕಾಶಕ್ಕೆತ್ತಿ ನಿಂತ ಗಾಡಿಯನ್ನು ನಾನು ಶೌರ್ಯವೆಂದೇ ತಿಳಿದಿದ್ದೆ. ಅದು ಎಟುಕದ ಕಾಲು ಎಂದು ಹೊಳೆದಿರಲಿಲ್ಲ.)

ನಾನು: ಹೊರದೇಶದ ಕಿಟ್ಟುಗಳಲ್ಲಿ ಡಿಫರೆನ್ಶಿಯಲ್ಲನ್ನೂ ಅದು ಕೂತ ಚೌಕಟ್ಟನ್ನೂ ಬಳೆ ಕೊಟ್ಟು ಕೆಳಗೆ ಇಳಿಸುತ್ತಾರಂತೆ. ಆಗ ಶಾಫ್ಟಿನ ಓರೆ ಸರಿಯಾಗುತ್ತದೆ.

ಅಣ್ಣ: ಆಗ್ತದೆ. ಮೊದಲು ಬಾಡಿ ಎತ್ತಿದ್ದು, ಆಮೇಲೆ ಅಡಿಯಲ್ಲಿರುವುದನ್ನು ಇಳಿಸಿದ್ದು. ಚೌಕಟ್ಟು ಇಳಿದ ಜಾಗದಲ್ಲಿ ನೆಲದಿಂದ ಎತ್ತರ ಎಷ್ಟು ಉಳಿಯಿತು ಹೇಳು?

ನಾನು: ಮೊದಲಿನಷ್ಟೇ.

ಅಣ್ಣ: ದುಡ್ಡು ಮಾತ್ರ ಮೊದಲಿನಷ್ಟಿಲ್ಲ! ಸುಳ್ಳಲ್ಲ, ದೊಡ್ಡ ಟಯರು ತೂರಿಸುವವರಿಗೆ ಅದು ಬೇಕು. ನಿನಗೆ ಎಂತಕ್ಕೆ?

ನಾನು: ಅಲೈನ್‌ಮೆಂಟ್ ಹಾಳಾಗ್ತದೆ ಅಂತಲೂ ಕೇಳಿದ್ದೆ.

ಅಣ್ಣ: ಹಾಳಾಗ್ತದೆ. ಬಾಡಿ ಎದ್ದರೆ ಕೆಳಗಿನ ತೋಳು ಇಳಿಜಾರಾಗಿ ಗಾಲಿಯ ಬುಡವನ್ನು ಒಳಗೆ ಎಳೀತದೆ, ತಲೆ ಹೊರಗೆ ವಾಲ್ತದೆ. ಟಯರಿನ ಹೊರ ಅಂಚು ಸವೀತದೆ. ಟೈ ರಾಡೂ ಓರೆಯಾಗಿ, ಹೊಂಡ ಹಾರಿದಾಗಲೆಲ್ಲ ಸ್ಟೇರಿಂಗ್ ತಾನಾಗಿ ಒಂದು ಬದಿಗೆ ಕುಟ್ಟುತ್ತದೆ. ಹೊನ್ನಾವರಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸಬಹುದು ಅಂತೀಯಾ? ಟೋ ಸರಿ ಮಾಡಿ ಕೊಡ್ತಾರೆ. ಉಳಿದದ್ದಕ್ಕೆ ತಿರುಪುವ ಬೋಲ್ಟೇ ಮುಂದೆ ಇಲ್ಲ. ಮತ್ತೆ ನಮ್ಮ ಉಪ್ಪುಗಾಳಿ ಉಂಟಲ್ಲ, ಹತ್ತು ವರ್ಷ ಕಡಲ ಬದಿಗೆ ನಿಂತ ಗಾಡಿಯ ತೋಳಿನ ಬೋಲ್ಟು ಬಿಚ್ಚುವುದು ಅಂದರೆ ಹಲ್ಲು ಕಿತ್ತ ಹಾಗೆ. ಬುಷ್ಷಿನ ಒಳಗೆ ಕಚ್ಚಿಕೊಂಡಿರುತ್ತದೆ. ಪಾನಾಕ್ಕೆ ಪೈಪ್ ಹಾಕಿ ಎಳೆದರೆ ತಲೆ ಕೈಗೆ ಬರ್ತದೆ, ಉಳಿದದ್ದು ಅಲ್ಲೇ.

ನಾನು: ಹಾಗಾದರೆ ಇಷ್ಟು ವರ್ಷದಲ್ಲಿ ನೀವು ಯಾರಿಗೂ ಮಾಡಿ ಕೊಡಲೇ ಇಲ್ಲವಾ?

ಅಣ್ಣ: ಕೊಟ್ಟಿದ್ದೇನೆ. ಕೊಟ್ಟು ಕಲಿತದ್ದು. ಟಾರ್ಶನ್ ಬಾರ್ ಅಂತ ಉಂಟು. ಕ್ವಾಲಿಸ್‌ನಲ್ಲಿ ಇತ್ತು, 2010ರಲ್ಲಿ ಬಂದ ಥಾರಿನಲ್ಲೂ ಇತ್ತು. ಸ್ಪ್ರಿಂಗಿನ ಬದಲು ಉದ್ದದ ಸರಳು, ಅದು ತಿರುಚಿಕೊಂಡು ಗಾಡಿಯನ್ನು ಹೊರುತ್ತದೆ. ಸರಳಿನ ತುದಿಯಲ್ಲಿ ಒಂದು ಬೋಲ್ಟು. ಎರಡು ಬದಿಯ ಬೋಲ್ಟು ಬಿಗಿ ಮಾಡಿದರೆ ಮೂತಿ ಏಳ್ತದೆ, ಹತ್ತು ನಿಮಿಷದ ಕೆಲಸ. ಒಬ್ಬರು ಬಂದರು, ಏರಿಸು ಅಂದರು. ಏರಿಸಿದೆ. ಇನ್ನೂ ಏರಿಸು ಅಂದರು. ಏರಿಸಿದೆ. ಹತ್ತು ನಿಮಿಷಕ್ಕೆ ಐನೂರು ರೂಪಾಯಿ, ಯಾರಿಗೆ ಬೇಡ? ಆರು ತಿಂಗಳಿಗೆ ಮೇಲಿನ ತೋಳಿನ ರಬ್ಬರ್ ಸ್ಟಾಪು ಪುಡಿ, ಬಲಗಡೆ ಬೂಟು ಹರಿದು ಹೋಗಿದೆ, ಟಯರು ಒಂದೇ ಬದಿ ಬೋಳು. ಸಣ್ಣ ಉಬ್ಬು ಹಾರಿದರೂ ಕಟ್ ಅಂತ ಕಬ್ಬಿಣಕ್ಕೆ ಕಬ್ಬಿಣ. ತಪ್ಪು ಗಾಡಿಯದ್ದಲ್ಲ, ನನ್ನದು. ಬೋಲ್ಟು ಹಿಂದೆ ತಿರುಗಿಸಿ ಕಳಿಸಿದೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾನು: ಕಾನೂನೂ ಅಡ್ಡ ಬರ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದೆ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವ ಹಾಗಿಲ್ಲ. ಕೇರಳದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸಜೆ, ಇಲ್ಲವೇ ಎರಡೂ.

ಅಣ್ಣ: ಇಷ್ಟು ಓದಿದವ ಇಲ್ಲಿಗೆ ಎಂತಕ್ಕೆ ಬಂದೆ?

ನಾನು: ನೀವು ಅಡ್ಡಿ ಇಲ್ಲ ಅಂತೀರೇನೋ ಅಂತ!

ಅಣ್ಣ: ಅಪಘಾತ ಆದ ದಿನ ಇನ್ಶೂರೆನ್ಸಿನವ ಟೇಪು ಹಿಡಿದು ಬಂದರೆ ನನ್ನ ಅಡ್ಡಿ ಇಲ್ಲ ನಡೆಯುವುದಿಲ್ಲ. ಅದಲ್ಲದೆ ದೇವಿಮನೆ ಘಾಟಿಯ ತಿರುವಿನಲ್ಲಿ ನಿನ್ನ ಹೆಂಡತಿ ಮಕ್ಕಳು ಹಿಂದೆ ಕೂತಿರುತ್ತಾರೆ. ಎರಡು ಇಂಚು ಎತ್ತರದ ಗಾಡಿ ಎಷ್ಟು ವಾಲ್ತದೆ ಅಂತ ಅವರ ವಾಂತಿ ಹೇಳ್ತದೆ.

ನಾನು: ದುಬೈಯಲ್ಲಿ ನಮ್ಮ ಭಟ್ಕಳದ ದೋಸ್ತ ಒಬ್ಬ ಇದ್ದಾನೆ. ಪೆಟ್ರೋಲ್‌ ಗಾಡಿ, ನಿಸಾನ್ ಪ್ಯಾಟ್ರೋಲ್. ಅದೂ ನಾಲ್ಕೂ ಕಡೆ ಇಂಡಿಪೆಂಡೆಂಟು. ಮರಳುಗುಡ್ಡ ಹತ್ತಿಸುವ ವಿಡಿಯೋ ಕಳಿಸ್ತಾನೆ. ಏನೂ ಲಿಫ್ಟ್ ಇಲ್ಲ ಅಂತಾನೆ. ನನಗೆ ನಂಬಿಕೆ ಇರಲಿಲ್ಲ.

ಅಣ್ಣ: ಮರಳಿಗೆ ಇಳಿಯುವ ಮೊದಲು ಎಂತ ಮಾಡ್ತಾನೆ, ಕೇಳಿದ್ದೀಯಾ?

ನಾನು: ಟಯರಿನ ಗಾಳಿ ಬಿಡ್ತಾನೆ. ಹದಿನೈದು ಪೌಂಡಿಗೆ ಇಳಿಸ್ತಾನಂತೆ.

ಅಣ್ಣ: ನೋಡು! ಗಾಳಿ ಇಳಿಸಿದರೆ ಗಾಡಿ ಎತ್ತರ ಆಗ್ತದಾ? ತಗ್ಗುತ್ತದೆ. ತಗ್ಗಿದರೂ ಹೋಗ್ತದೆ. ನಿನ್ನ ತೋಟದ ದಾರಿಗೆ ಅಷ್ಟು ಬೇಡ, ಇಪ್ಪತ್ತೆರಡು ಇಪ್ಪತ್ತನಾಲ್ಕು ಸಾಕು. ಟಯರು ಕಲ್ಲನ್ನು ಅಪ್ಪಿಕೊಂಡು ಹೋಗ್ತದೆ. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು ಮಾತ್ರ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಸಣ್ಣ ಪಂಪು ಸಾಕು.

ನಾನು: ಮರಳು ಅಂದಾಗ ನೆನಪಾಯಿತು. ಹೊನ್ನಾವರದ ಟೊಂಕದ ಕಡೆ ಒಮ್ಮೆ...

ಅಣ್ಣ: ಆ ಯೋಚನೆ ಬಿಡು. ಅಲ್ಲಿ ಕಡಲಾಮೆ ಬಂದು ಮೊಟ್ಟೆ ಇಡುವ ಮರಳು. ಗಾಲಿ ಹತ್ತಿಸಿದರೆ ಅಡಿಯಲ್ಲಿ ಏನಿತ್ತು ಅಂತ ನಿನಗೆ ಗೊತ್ತೂ ಆಗುವುದಿಲ್ಲ. ಈಗ ಗಾಡಿ ಗುಂಡಿ ಮೇಲೆ ತಾ.

(ತಂದೆ. ಇಬ್ಬರೂ ಗುಂಡಿಗೆ ಇಳಿದೆವು. ಅಣ್ಣ ಟಾರ್ಚ್ ಹಿಡಿದು ಮುಂದಿನಿಂದ ಹಿಂದಕ್ಕೆ ಒಂದೊಂದೇ ಜಾಗ ಒರೆಸುತ್ತ ಬಂದರು. ಬಟ್ಟೆಗಿಂತ ಅವರ ಹೆಬ್ಬೆರಳೇ ಹೆಚ್ಚು ಕೆಲಸ ಮಾಡಿತು.)

ಅಣ್ಣ: ಮುಂದಿನ ಬಂಪರಿನ ಕೆಳ ತುಟಿ, ಸಣ್ಣ ಗೀರು. ಪ್ಲಾಸ್ಟಿಕ್, ಬಿಡು. ಎಂಜಿನ್ ಅಡಿಯ ಗಾರ್ಡು, ಉದ್ದಕ್ಕೆ ಎರಡು ಗೀರು, ಆದರೆ ತಗ್ಗು ಬಿದ್ದಿಲ್ಲ. ಅದು ಇರುವುದೇ ಉಜ್ಜಿಸಿಕೊಳ್ಳಲಿಕ್ಕೆ. ಶಾಫ್ಟು, ತೋಳು, ಹಿಂದಿನ ಡಿಫರೆನ್ಶಿಯಲ್... ಇಲ್ಲಿ ಒಂದು ಗುರುತೂ ಇಲ್ಲ. ಈ ಕಡೆ ಬಾ. ಇದೆಂತ?

ನಾನು: ಫುಟ್‌ಸ್ಟೆಪ್ಪು. ಹಿಂದಿನ ಮಾಲೀಕ ಹಾಕಿಸಿದ್ದು. ಅಮ್ಮನಿಗೆ ಹತ್ತಲಿಕ್ಕೆ ಅನುಕೂಲ.

ಅಣ್ಣ: ಅಮ್ಮ ತೋಟಕ್ಕೆ ಬರ್ತಾರಾ?

ನಾನು: ಇಲ್ಲ.

ಅಣ್ಣ: ಬೆರಳು ಹಾಕಿ ನೋಡು. ಪೈಪು ಅಡಿಯಲ್ಲಿ ಚಪ್ಪಟೆ ಆಗಿದೆ. ಒಳಗೆ ಕೆಂಪು ಪುಡಿ ತುಂಬಿದೆ, ನಿನ್ನ ಹಾಡುವಳ್ಳಿಯ ಚಿರೆಕಲ್ಲು. ಆಚೆ ಬದಿಯದ್ದೂ ಹಾಗೇ, ಬ್ರ್ಯಾಕೆಟ್ ಹಿಂದಕ್ಕೆ ಬಗ್ಗಿದೆ. ದಂಡೆ ಹತ್ತಿ ಮುಂದಿನ ಗಾಲಿ ಮೇಲೆ ಹೋದ ಮೇಲೆ ಹೊಟ್ಟೆ ದಿಬ್ಬಕ್ಕೆ ಬರ್ತದಲ್ಲ, ಆಗ ಕೂತದ್ದು ಇದು. ಟೇಪು ಹಿಡಿ. ನೆಲದಿಂದ ಈ ಪೈಪಿಗೆ?

ನಾನು: ಏಳು ಇಂಚು.

ಅಣ್ಣ: ಪೈಪು ಇಲ್ಲದಿದ್ದರೆ, ಬಾಡಿಯ ಅಂಚಿಗೆ?

ನಾನು: ಹತ್ತು... ಹತ್ತರ ಮೇಲೆ ಒಂದು ನೂಲು.

ಅಣ್ಣ: ನೀನು ಕೇಳಿದ್ದು ಎರಡು ಇಂಚು. ಇಲ್ಲಿ ಮೂರು ಸಿಕ್ಕಿತು. ಶಾಫ್ಟು ಓರೆ ಆಗಲಿಲ್ಲ, ಇನ್ಶೂರೆನ್ಸಿನವ ಬೈಯಲಿಲ್ಲ. ಇನ್ನು ಹಿಂದೆ ಬಾ. ಈ ಕೊಳವೆಯ ಬಂಪರ್ ಗಾರ್ಡೂ ಅವನೇ ಹಾಕಿಸಿದ್ದಾ? ಎಡ ಮೂಲೆ ಒಳಗೆ ಹೋಗಿದೆ. ಹಳ್ಳದಿಂದ ಮೇಲೆ ಬರುವಾಗ ಬಾಲ ಕೆರೆದದ್ದು. ಇದನ್ನೂ ಬಿಚ್ಚುವ. ಎಳೆಯುವ ಕೊಕ್ಕೆ ಮಾತ್ರ ಕಂಪನಿ ಕೊಟ್ಟ ಜಾಗದಲ್ಲಿ ಉಂಟಾ ನೋಡಿಕೊ, ಸಿಕ್ಕಿಬಿದ್ದರೆ ಅದೇ ಗತಿ.

ನಾನು: ಟಯರು?

ಅಣ್ಣ: ಇದು ಸವೆದಿದೆ, ಹೇಗೂ ಬದಲಿಸಬೇಕು. ಅದೇ ಅಳತೆಯಲ್ಲಿ ಮಣ್ಣಿಗೂ ರಸ್ತೆಗೂ ಆಗುವಂಥದ್ದು ಹಾಕು. 215/65ರ ಬದಲು 215/70 ಹಾಕುವ ಆಸೆ ಉಂಟಾ?

ನಾನು: ಉಂಟು. ಲೆಕ್ಕ ಹಾಕಿದ್ದೇನೆ. ಟಯರಿನ ಅಡ್ಡಳತೆ 686 ಮಿಲಿಮೀಟರಿನಿಂದ 707ಕ್ಕೆ ಹೋಗ್ತದೆ.

ಅಣ್ಣ: ಅದರ ಅರ್ಧ ಮಾತ್ರ ಅಡಿಗೆ ಸಿಗುವುದು. ಹತ್ತು ಹನ್ನೊಂದು ಮಿಲಿಮೀಟರು, ಒಂದು ಬೆರಳಿನ ದಪ್ಪ ಇಲ್ಲ. ಅದಕ್ಕೆ ಸ್ಪೀಡೋಮೀಟರು ಸುಳ್ಳು ಹೇಳ್ತದೆ.

ನಾನು: ಎಂಬತ್ತು ತೋರಿಸುವಾಗ ನಿಜವಾಗಿ ಎಂಬತ್ತೆರಡೂವರೆ ಓಡ್ತಾ ಇರ್ತದೆ.

ಅಣ್ಣ: ಮೊದಲ ಗೇರೂ ಅಷ್ಟು ಉದ್ದ ಆಯಿತು. ನಿನ್ನ ಗಾಡಿಗೆ ಜೀಪಿನ ಹಾಗೆ ಲೋ ರೇಂಜ್ ಇಲ್ಲ. ಇರುವುದು ಆ ಗಿಡ್ಡ ಮೊದಲ ಗೇರು ಒಂದೇ, ಅದನ್ನೂ ಕೆಡಿಸಿಕೊಳ್ಳಬೇಡ. ಮತ್ತೆ ಆ ದಂಡೆ ಮಾವನ ಜಾಗವೇ ಅಲ್ಲವಾ?

ನಾನು: ಹೌದು, ಎರಡು ಬದಿಯೂ ಮಾಲ್ಕಿ.

ಅಣ್ಣ: ಇಬ್ಬರು ಆಳು, ಒಂದು ಪಿಕಾಸಿ, ಒಂದು ಹಾರೆ. ನೇರ ನಿಂತ ದಂಡೆಯನ್ನು ಓರೆ ಮಾಡಿ ಕಡಿಸು. ಗಾಲಿ ಬರುವ ಎರಡು ಗೆರೆಗೆ ಮಾತ್ರ ಚಿರೆಕಲ್ಲಿನ ತುಂಡು ಜಡಿ. ಒಂದು ದಿನದ ಕೆಲಸ, ಕಿಟ್ಟಿನ ಕಾಲು ಭಾಗ ದುಡ್ಡೂ ಬೇಡ. ನೀರು ಬಂದಾಗ ಇಳಿಯುವ ಮೊದಲು ಕೋಲು ಹಾಕಿ ನೋಡು. 2022ರ ಆಗಸ್ಟಿನಲ್ಲಿ ಭಟ್ಕಳ ಪೇಟೆಯಲ್ಲೇ ನೀರು ನಿಂತಾಗ ಎತ್ತರದ ಗಾಡಿ, ತಗ್ಗಿನ ಗಾಡಿ ಅಂತ ಲೆಕ್ಕ ಇರಲಿಲ್ಲ. ಎಂಜಿನ್ ಉಸಿರು ಎಳೆಯುವ ಬಾಯಿಗೆ ನೀರು ಹೋದರೆ ಮುಗಿಯಿತು.

ನಾನು: ಇಷ್ಟೆಲ್ಲ ಮಾಡಿಯೂ ತಾಗಿದರೆ?

ಅಣ್ಣ: ಇಳಿದು ಬಗ್ಗಿ ನೋಡು. ಎಲ್ಲಿ ತಾಗಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಬಾ. ತೋಳಿಗೋ ಹಿಂದಿನ ಡಿಫರೆನ್ಶಿಯಲ್ಲಿಗೋ ತಾಗಿದ್ದರೆ ಆಗ ಲಿಫ್ಟಿನ ಮಾತು ಆಡುವ. ಅದೂ ಒಂದು ಇಂಚು, ಎರಡಲ್ಲ, ಕಾಗದಪತ್ರ ಸರಿ ಮಾಡಿಕೊಂಡು.

ಫುಟ್‌ಸ್ಟೆಪ್ಪಿನ ಎಂಟು ಬೋಲ್ಟುಗಳಲ್ಲಿ ಐದು ಸುಲಭವಾಗಿ ಬಂದವು, ಮೂರನ್ನು ಉಪ್ಪುಗಾಳಿ ಬಿಟ್ಟುಕೊಡಲಿಲ್ಲ, ಗ್ರೈಂಡರಿನಲ್ಲಿ ಕೊಯ್ಯಬೇಕಾಯಿತು. ಅಣ್ಣ ನಾನೂರು ರೂಪಾಯಿ ತೆಗೆದುಕೊಂಡರು. ಜೂನ್ ಎರಡನೇ ವಾರ ಮಳೆಯಲ್ಲೇ ತೋಟಕ್ಕೆ ಹೋಗಿ ಬಂದೆ. ದಂಡೆ ಕಡಿಸಿ ಆಗಿತ್ತು. ಒಂದು ಸಲ ಎಂಜಿನ್ ಗಾರ್ಡ್ ಕೆರೆದ ಶಬ್ದ ಬಂತು, ಇಳಿದು ಬಗ್ಗಿ ನೋಡಿದೆ, ಮತ್ತೆ ಹತ್ತಿಸಿದೆ. ಆ ಫುಟ್‌ಸ್ಟೆಪ್ಪುಗಳು ಈಗಲೂ ಗ್ಯಾರೇಜಿನ ಹಿಂದೆ ಕೋಳಿಗೂಡಿಗೆ ಒರಗಿ ನಿಂತಿವೆ. ಬೇಕಾದವರು ಒಯ್ಯಬಹುದು, ದುಡ್ಡು ಬೇಡ.